ಡಬ್ಬಿಗೆ ಹಿಡಿಸದ ಚಂದ್ರ

ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ ಸಂಕಲ್ಪ ಹೇಳುವುದನ್ನು ಲತಾ ಒಂದು ದಿನವೂ ಬಿಟ್ಟವಳಲ್ಲ. ಅದಕ್ಕೆ ಬೇಕಾದ ತಿಥಿಯನ್ನು ಆಕೆ ನೋಡಿಕೊಳ್ಳುವುದು ತಂದೆ ಕೃಷ್ಣಯ್ಯನವರು ಗಣಿಸಿದ ಪಂಚಾಂಗದಲ್ಲಿ. ಚಂದ್ರಾ ಲೇಔಟಿನ ಆಸುಪಾಸಿನ ನಾಲ್ಕಾರು ದೇವಸ್ಥಾನಗಳಿಗೂ ಅದೇ. ಅದರಲ್ಲಿ ಏಕಾದಶಿ ಎಂದಿದ್ದ ದಿನವೇ ಜನ ಉಪವಾಸ ಇರುತ್ತಾರೆ.

ಈ ವರ್ಷ ಕೃಷ್ಣಯ್ಯನವರ ಕಣ್ಣು ಮಂಜಾಯಿತು. ಪಂಚಾಂಗ ನಿಂತೇಹೋಗುವ ಹಾಗಾದಾಗ, ಬಿಡುವಿನಲ್ಲಿ ಸಿ ಭಾಷೆ ಕಲಿತಿದ್ದ ಲತಾ ಲೆಕ್ಕವನ್ನು ಕಂಪ್ಯೂಟರಿಗೆ ಹಾಕಲು ಕೂತಳು. ಅಪ್ಪ ದಿನ ಎಣಿಸುವುದು ಸೃಷ್ಟಿಯಿಂದ. ಆ ದಿನಗಳನ್ನು ಮಹಾಯುಗವೊಂದರಲ್ಲಿ ಗ್ರಹ ಹಾಕುವ ಸುತ್ತುಗಳಿಂದ ಗುಣಿಸಿ, ಯುಗದ ದಿನಗಳಿಂದ ಭಾಗಿಸಬೇಕು. ಸೂರ್ಯ ಸರಿಯಾಗಿ ಬಂದ. ಚಂದ್ರ ಬರಲಿಲ್ಲ. ಹೋದ ವರ್ಷದ ಹುಣ್ಣಿಮೆ ಹಾಕಿ ನೋಡಿದರೆ ಷಷ್ಠಿ ಎಂದಿತು.

ಅಂಕಿ ತಪ್ಪು ಒತ್ತಿದ್ದೇನೆಂದು ವಾರವೆಲ್ಲ ಹುಡುಕಿದಳು. ಕೊನೆಗೆ ಕಾಗದದ ಮೇಲೆ ಕೈಯಲ್ಲೇ ಗುಣಿಸಿದಳು. ಇಪ್ಪತ್ತು ಅಂಕಿ ಬಂತು. ಕಂಪ್ಯೂಟರಿನಲ್ಲಿ ಹತ್ತೊಂಬತ್ತೇ.

“ಸಿಕ್ಕಿದ್ನೇನೇ ಚಂದ್ರ?” ಎಂದರು ಕೃಷ್ಣಯ್ಯ.

“ಸಿಕ್ಕ ಅಪ್ಪಾ. ಅಂಕಿ ಹಿಡಿಸೋಕೆ ನಾನಿಟ್ಟ ಡಬ್ಬಿ ಚಿಕ್ಕದು, ತುಂಬಿ ಚೆಲ್ಲಿದೆ. ಮಿಷನ್ನು ಬಾಯೇ ಬಿಡ್ಲಿಲ್ಲ.”

“ಸೂರ್ಯ ಹಿಡಿಸಿದ್ನಲ್ಲೇ?”

“ಅವ್ನು ನಿಧಾನಸ್ಥ. ಇವ್ನು ಹದಿಮೂರು ಪಾಲು ಜಾಸ್ತಿ ಸುತ್ತೋನು.”

“ಅಲೆಮಾರಿ ನನ್ಮಗ!” ಎಂದು ಅವರು ನಕ್ಕರು.

ಅರವತ್ತನಾಲ್ಕು ಬಿಟ್ಟಿನ ಡಬ್ಬಿ ತೆಗೆದು ನೂರ ಇಪ್ಪತ್ತೆಂಟರದನ್ನು ಇಟ್ಟಳು. ಹುಣ್ಣಿಮೆ ಹುಣ್ಣಿಮೆಯಾಗಿಯೇ ಬಂತು. ಆದರೆ ಅಪ್ಪನ ಹಳೆಯ ಲೆಕ್ಕದ ಹಾಳೆಗಳ ಜೊತೆ ತಾಳೆ ನೋಡಲು ಅಷ್ಟು ದೊಡ್ಡ ಸಂಖ್ಯೆಯನ್ನು ತೆರೆಯ ಮೇಲೆ ತೋರಿಸಬೇಕು; ಅದಕ್ಕೆ ಸಿ ಭಾಷೆಯಲ್ಲಿ ನೇರ ದಾರಿಯಿಲ್ಲ. ಹತ್ತರಿಂದ ಭಾಗಿಸುತ್ತ, ಕೊನೆಯಿಂದ ಒಂದೊಂದೇ ಅಂಕಿ ಕಿತ್ತು ಜೋಡಿಸಬೇಕು. ಅದೂ ಮೊದಲ ಸಲ ತಿರುವುಮುರುವಾಗಿ ಬಂತು. ಪಂಚಾಂಗ ಅಚ್ಚು ಹಾಕುವ ಪ್ರೆಸ್ಸಿನವರು ಆಗಲೇ ಎರಡು ಸಲ ಫೋನ್ ಮಾಡಿದ್ದರು.

ಆಕೆ ಉಸಿರು ಬಿಟ್ಟದ್ದು ಕೃಷ್ಣಯ್ಯನವರಿಗೆ ಕೇಳಿಸಿತು.

“ಲತಾ, ಕಲಿಯುಗದಿಂದ್ಲೇ ಎಣಿಸ್ಕೋ. ಎಷ್ಟೋ ಜನ ಹಾಗೇ ಮಾಡ್ತಾರೆ. ಅಂಕಿ ಸಣ್ಣದಾಗುತ್ತೆ, ನಿನ್ನ ಹಳೇ ಡಬ್ಬೀನೇ ಸಾಕು. ನನ್ನ ಹಟ ನಾನು ಬಿಟ್ಟೆ ಅಂದ್ಕೋ.”

ಸೃಷ್ಟಿಯಿಂದಲೇ ಎಣಿಸಬೇಕೆಂಬುದು ಅವರು ನಲವತ್ತು ವರ್ಷ ಯಾರಿಗೂ ಬಿಟ್ಟುಕೊಡದ ಮಾತು. ಲತಾ ಕುರ್ಚಿ ತಿರುಗಿಸಿ ಅಪ್ಪನನ್ನು ನೋಡಿದಳು.

“ಬೇಡಪ್ಪಾ. ಕಲಿಯಿಂದ ಶುರು ಮಾಡಿದ್ರೆ ನೀವು ಹಾಕಿಟ್ಟಿರೋ ಗುಣಾಕಾರದ ಜೊತೆ ತಾಳೆ ನೋಡೋದು ಹೇಗೆ? ಜನ ಉಪವಾಸ ಕೂರೋ ದಿನ ಇದು. ನಾಳೆ ಸಂಜೆ ಒಳಗೆ ಮುಗಿಸ್ತೀನಿ, ಸುಮ್ನೆ ಮಲಗಿ.”