ಭರತದಲ್ಲಿ ತುಂಬಿದ ಬಾಟಲಿಗಳು

ಫೋರ್ಟ್ ಕೊಚ್ಚಿಯ ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದರೂ ಕಥೆ ಒಂದೇ: ಮೊದಲು ಇಲ್ಲಿಯ ಕಡಲತೀರದ ನೀರು ಕೊಳಕಾಗಿತ್ತು, ನಿವಾಸಿಗಳ ಸಂಘ ಅದನ್ನು ಪರೀಕ್ಷೆ ಮಾಡಿಸಲು ಶುರುಮಾಡಿತು, ನೀರು ಶುದ್ಧವಾಯಿತು. ನನಗಂತೂ ಎರಡನೆಯ ಮಾತಿನಿಂದ ಮೂರನೆಯದಕ್ಕೆ ಹೋಗುವ ದಾರಿ ಕಾಣುವುದಿಲ್ಲ. ಥರ್ಮಾಮೀಟರ್ ಇಟ್ಟರೆ ಜ್ವರ ಇಳಿಯುತ್ತದೆಯೇ? ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಯಾರಾದರೂ ಹೀಗೆ ವಾದಿಸಿದ್ದರೆ ಗಂಟೆ ಬಾರಿಸುವ ಮೊದಲೇ ಕೂರಿಸುತ್ತಿದ್ದೆ. ಇಲ್ಲಿ ವಾದಿಸುತ್ತಿದ್ದವರು ನನ್ನ ಅಪ್ಪ.

ಅಪ್ಪ ಮಂಗಳೂರಿನ ಕಡೆಯವರು, ಬ್ಯಾಂಕಿನ ವರ್ಗಾವಣೆಯಲ್ಲಿ ಇಲ್ಲಿಗೆ ಬಂದವರು. ಹೊರಗಿನಿಂದ ಬಂದ ತಮ್ಮನ್ನೂ ಇಲ್ಲಿಯ ಸಂಘ ಸೇರಿಸಿಕೊಂಡಿತೆಂಬ ಹಿಗ್ಗು ಅವರಿಗೆ. ನೀರಿನ ಬಾಟಲಿ ತುಂಬುವ ಹೊತ್ತು ಗೊತ್ತುಮಾಡುವುದು ಅವರ ಕೆಲಸ. ವರದಿ ಬಂದೊಡನೆ ತೀರದಲ್ಲಿ ‘ಈಜಲು ಯೋಗ್ಯ’ ಎಂಬ ಹಸಿರು ಹಲಗೆ ಏಳುತ್ತಿತ್ತು. ಅದನ್ನು ನಂಬಿ ನನ್ನ ತಂಗಿ ದಿನಾ ಬೆಳಿಗ್ಗೆ ಈಜು ಕಲಿಯಲು ಸಮುದ್ರಕ್ಕೆ ಇಳಿಯುತ್ತಿದ್ದಳು. ಮತ್ತೆ ಮತ್ತೆ ಅವಳ ಕಿವಿ ಸೋರುತ್ತಿತ್ತು.

“ಕಿವಿ ಹೇಗುಂಟೇ?”

“ಕೊಳಪ್ಪಮಿಲ್ಲ ಚೇಚೀ.” ತೊಂದರೆ ಇಲ್ಲ ಅಕ್ಕಾ ಅಂತ ಮಲಯಾಳದಲ್ಲೇ ಉತ್ತರ, ಅದೂ ಕಿವಿಗೆ ಹತ್ತಿ ಒತ್ತಿಕೊಂಡು! ಹೀಗೇ ಆದರೆ ಕೇಳಿಸುವುದೇ ಮಂದವಾಗಬಹುದು ಎಂದು ಡಾಕ್ಟರು ಎಚ್ಚರಿಸಿದ್ದರು.

ಪರೀಕ್ಷೆ ತಿರುವನಂತಪುರದಲ್ಲಿ. ಅಪ್ಪನಿಗೆ ಪರಿಚಯವಿದ್ದ ಧಾರವಾಡದ ವಿಜ್ಞಾನಿಯೊಬ್ಬರು ಅಲ್ಲಿಯ ಪ್ರಯೋಗಾಲಯದಲ್ಲಿದ್ದರು. ಆ ಸಲ ಐಸ್ ತುಂಬಿದ ಪೆಟ್ಟಿಗೆ ಒಯ್ಯುವ ಸರದಿ ನನ್ನದು. ತಂಪಾನೂರಿನಲ್ಲಿ ರೈಲಿಳಿದು ಆಟೋ ಹತ್ತಿದರೆ, ಚಾಲಕ ಪೆಟ್ಟಿಗೆಯನ್ನೇ ನೋಡಿ “ಮೀನಾ?” ಅಂದ. ಸಮುದ್ರದ ನೀರು ಅಂದೆ. ಯಾಕೆ, ನಮ್ಮ ಸಮುದ್ರ ಬತ್ತಿಹೋಯಿತಾ ಎಂದು ದಾರಿಯುದ್ದಕ್ಕೂ ನಗುತ್ತಿದ್ದ.

ವಿಜ್ಞಾನಿ ಮಾತ್ರ ನಗಲಿಲ್ಲ. “ನೋಡವಾ, ನಿಮ್ಮ ತೀರ ಇರೋದು ಹಿನ್ನೀರು ಸಮುದ್ರಕ್ಕ ಸೇರೋ ಬಾಯಾಗ. ಉಪ್ಪು ಒಮ್ಮೆ ಕಡಿಮಿ, ಒಮ್ಮೆ ಹೆಚ್ಚು ಬರಬೇಕು. ನಿಮ್ಮ ಬಾಟಲಿದಾಗ ಯಾವಾಗ ನೋಡಿದ್ರೂ ಸಮುದ್ರದಷ್ಟ ಉಪ್ಪು. ಬರೇ ಭರತದಾಗ ತುಂಬತೀರೇನು?”

“ತುಂಬಿದರೇನಾಯಿತು?”

“ಭರತದಾಗ ಸಮುದ್ರ ಒಳಗ ನುಗ್ಗತದ. ಕಾಲುವಿ ಹೊಲಸು ಹೊರಗ ಬರೋದು ಇಳಿತದಾಗ. ನೀವು ತಂದದ್ದು ನಾ ನೋಡೀನಿ. ತರದ್ದು ಹೆಂಗ ನೋಡ್ಲಿ?”

ಕೊಚ್ಚಿಗೆ ಮರಳಿದವಳೇ ಅಪ್ಪನೆದುರು ಕುಳಿತು, ಬರೀ ಭರತದಲ್ಲೇ ಯಾಕೆ ತುಂಬಿಸುವುದು ಎಂದು ಕೇಳಿದೆ.

“ಎಂತ ಮಾರಾಯ್ತಿ ನಿಂದು! ಇಳಿತದಲ್ಲಿ ತೀರದ ಮೆಟ್ಟಿಲಿಗೆಲ್ಲ ಪಾಚಿ. ಬಾಟಲಿ ತುಂಬಲು ಹೋಗಿ ಸಂಘದ ಅಧ್ಯಕ್ಷರ ಹೆಂಡತಿ ಜಾರಿ ಬಿದ್ದು ಸೊಂಟ ನೋಯಿಸಿಕೊಂಡದ್ದು ನೀನೂ ನೋಡಿದ್ದಿ ಅಲ್ವಾ? ನೀರು ಏರಿದಾಗಾದರೆ ಮೇಲಿನ ಮೆಟ್ಟಿಲಲ್ಲೇ ಬಗ್ಗಿ ತುಂಬಬಹುದು.”

ಬಿದ್ದದ್ದು ನಿಜ, ಎತ್ತಿದವರಲ್ಲಿ ನಾನೂ ಒಬ್ಬಳು. ಆದರೆ ಅಧ್ಯಕ್ಷರ ಹೋಮ್‌ಸ್ಟೇ ಇರುವುದು ಆ ಹಸಿರು ಹಲಗೆಯ ಎದುರಿಗೇ. ಅತಿಥಿಗಳಿಗೆ ಕಿಟಕಿಯಿಂದ ಮೊದಲು ಕಾಣುವುದು ಅದೇ. ಸೊಂಟದ ನೋವಿಗೂ ವ್ಯಾಪಾರಕ್ಕೂ ಒಂದೇ ಔಷಧಿ ಸಿಕ್ಕಿದರೆ ನನಗೆ ಸಂಶಯ ಬರುತ್ತದೆ. ಪಾಚಿ ಉಜ್ಜಿಸೋಣ, ಕೋಲಿಗೆ ಬಾಟಲಿ ಕಟ್ಟೋಣ ಎಂದು ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲವೇ?

“ಏರಿದಾಗಲೇ ತುಂಬುವ ಅಂತ ಮೊದಲು ಹೇಳಿದ್ದು ಯಾರು? ನೀವಾ, ಅಧ್ಯಕ್ಷರಾ?”

“ಎಲ್ಲರೂ ಸೇರಿ ಮಾಡಿದ್ದು.”

ಸಂಘಗಳ ಈ ‘ಎಲ್ಲರೂ’ ಎಂಬವರನ್ನು ನಾನು ಇದುವರೆಗೆ ಮುಖತಃ ಕಂಡಿಲ್ಲ.

“ವರದಿ ಸುಳ್ಳಾ? ಹೇಳು ನೋಡುವ,” ಅಪ್ಪನ ಸ್ವರ ಏರಿತು.

“ವರದಿ ಸುಳ್ಳಲ್ಲ. ಹಲಗೆ ಸುಳ್ಳು. ಅದರಲ್ಲಿ ‘ನೀರು ಏರಿದಾಗ ಮಾತ್ರ’ ಅಂತ ಎಲ್ಲಿದೆ?”

ಅಪ್ಪನ ಫೋನು ಸದ್ದು ಮಾಡಿತು. ಅಧ್ಯಕ್ಷರು. ಈ ಸಲದ ಹಲಗೆಯ ಫೋಟೊ ಯಾವಾಗ ಕಳಿಸುತ್ತೀರಿ ಎಂದು ಕೇಳುತ್ತಿದ್ದದ್ದು ನನಗೂ ಕೇಳಿಸಿತು. “ನೋಡುವ, ನೋಡುವ,” ಎಂದು ಅಪ್ಪ ಕನ್ನಡದಲ್ಲೇ ಹೇಳಿ ಇಟ್ಟುಬಿಟ್ಟರು. ಆ ಕಡೆಯವರಿಗೆ ಏನು ಅರ್ಥವಾಯಿತೋ!

ಒಳಗಿನ ಕೋಣೆಯಲ್ಲಿ ತಂಗಿ ಈಜಿನ ಟೋಪಿ ಹುಡುಕುತ್ತಿದ್ದಳು. ಅಪ್ಪನೇ ಫ್ರಿಜ್ಜಿಗೆ ಅಂಟಿಸಿದ್ದ ಭರತ-ಇಳಿತದ ವೇಳಾಪಟ್ಟಿಯನ್ನು ಕಿತ್ತು ತಂದು ಅವರ ಮುಂದೆ ಇಟ್ಟೆ.

“ನಾಳೆ ಬೆಳಿಗ್ಗೆ ಇಳಿತ. ಇವಳ ಕ್ಲಾಸೂ ಅದೇ ಹೊತ್ತಿಗೆ. ಕಳಿಸ್ತೀರಾ ಅಪ್ಪಾ?”