ಟೈಲರಮ್ಮನ ಎರಡು ಜೇಬು

ನಾಯಿ ತಿಂಡಿ ಕೊಳ್ಳುವುದೂ ಟೈಲರಮ್ಮನಿಗೆ ಅಳತೆ ತೆಗೆಯುವಷ್ಟೇ ನಾಜೂಕಿನ ಕೆಲಸ. ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಅಂಗಡಿಗೆ ಬರುತ್ತಾರೆ. ಕರುವಿನಷ್ಟೆತ್ತರದ ನಾಯಿ ಬಲಕ್ಕೆ, ಚಪ್ಪಲಿಯಷ್ಟುದ್ದದ್ದು ಎಡಕ್ಕೆ. ಅಂಗಡಿಯವನ ಮುಖವನ್ನೂ ನೋಡದೆ ಒಂದೊಂದು ಬಿಸ್ಕತ್ತನ್ನೂ ಮೂಸಿ, ಉಗುರಲ್ಲಿ ಚುಚ್ಚಿ, ಮುರಿದು ನೋಡುತ್ತಾರೆ. "ಇದು ಗಟ್ಟಿ. ಅಗೀತಾ ಕೂತ್ರೆ ಹೇಳ್ಕೊಟ್ಟ ಪಾಠ ನಾಯಿಗೆ ಮರೆತೇಹೋಗತ್ತೆ" ಎಂದು ಪಕ್ಕಕ್ಕೆ ತಳ್ಳುತ್ತಾರೆ. ದೊಡ್ಡದಕ್ಕೆ ದೊಡ್ಡ ತುಂಡು ಕೊಡಿ ಎಂದು ಅವನು ಬಾಯಿ ತೆರೆದರೆ ಮುಗಿಯಿತು: "ಹೊಟ್ಟೆ ತುಂಬಿಸೋಕಲ್ಲಪ್ಪ, ಶಭಾಷ್ ಅನ್ನೋಕೆ. ಶಭಾಷ್‌ಗೂ ಸೈಜಿರತ್ತಾ?" ಕೊನೆಗೆ ಮೆತ್ತನೆಯದೊಂದನ್ನು ಆರಿಸಿ, ತಮ್ಮದೇ ಕತ್ತರಿಯಿಂದ ಅಂಗಿಯ ಗುಂಡಿಯಷ್ಟು ಕತ್ತರಿಸಿ ತಮ್ಮ ಎರಡು ಜೇಬಿಗೆ ಹಂಚಿಕೊಳ್ಳುತ್ತಾರೆ: ಬಲದ್ದು ದೊಡ್ಡದಕ್ಕೆ, ಎಡದ್ದು ಚಿಕ್ಕದಕ್ಕೆ. ತುಂಡಿನಲ್ಲಿ ಕೂದಲೆಳೆಯ ವ್ಯತ್ಯಾಸವನ್ನೂ ಸಹಿಸದವರು ಚಿಕ್ಕದರ ಜೇಬಿಗೆ ಮಾತ್ರ ದುಪ್ಪಟ್ಟು ಹಾಕುವುದೇಕೆಂಬ ಪ್ರಶ್ನೆ ಅಂಗಡಿಯವನನ್ನು ತಿಂಗಳುಗಟ್ಟಲೆ ಕೊರೆಯುತ್ತಿತ್ತು. ಮೊನ್ನೆ ತಡೆಯಲಾರದೆ ಕೇಳಿಯೇಬಿಟ್ಟ. "ದೊಡ್ಡದಕ್ಕೆ ಕಿವಿ ಹೋಗಿ ವರ್ಷ ಆಯ್ತು" ಎಂದ ಟೈಲರಮ್ಮ, ಮೆಲ್ಲಗೆ "ಕೂತ್ಕೋ" ಅಂದರು. ಚಿಕ್ಕದು ಕೂತಿತು. ಅದನ್ನು ನೋಡಿ ದೊಡ್ಡದೂ ಕೂತಿತು. ಟೈಲರಮ್ಮ ಎಡಜೇಬಿಗೆ ಕೈಹಾಕಿದರು: "ಕಲಿತಿದ್ದಕ್ಕೆ ಒಂದು, ಕಲಿಸಿದ್ದಕ್ಕೆ ಇನ್ನೊಂದು."