ಆಪಾರ ನೀಲಿ ಕಪ್

ಮೈಕ್ರೊವೇವ್‌ನಲ್ಲಿ ಮಾಡುವ ಕಪ್ ಕೇಕಿಗೆ ಆಯುಸ್ಸು ಕಡಿಮೆ. ಹೊರಗೆ ತೆಗೆದಾಗ ಕಪ್ಪಿನ ಬಾಯಿ ಮೀರಿ ಉಬ್ಬಿ ನಿಂತಿರುತ್ತದೆ, ನೋಡನೋಡುತ್ತ ಕುಸಿಯುತ್ತದೆ. ಬಿಸಿಯಿರುವಾಗ ತಿಂದರೆ ಬಾಯಲ್ಲಿ ಕರಗುತ್ತದೆ; ಆರಿತೋ, ಚಪ್ಪಲಿಯ ಅಟ್ಟೆ. ಗೋಡೆಯಾಚೆಗೆ ಕೈಚಾಚಿ ಕೊಡುವುದಕ್ಕೆ ಸರಿ, ಊರು ದಾಟಿಸುವುದಕ್ಕಲ್ಲ. ಇಷ್ಟು ತಿಳಿಯುವುದಕ್ಕೆ ನನಗೆ ಒಂದು ವರ್ಷ ಬೇಕಾಯಿತು.

ಶಹಾಬಜಾರದ ಓಣಿಯಲ್ಲಿ ನಾನು ಬಾಡಿಗೆಗಿರುವ ಮನೆಗೂ ಪಕ್ಕದ ಮನೆಗೂ ನಡುವೆ ಎದೆಯೆತ್ತರದ ಗೋಡೆಯಿದೆ. ಅದರಾಚೆ ಬ್ಲೌಸ್ ಹೊಲಿಯುವ ಒಬ್ಬ ಹೆಂಗಸು ಇದ್ದರು. ವಯಸ್ಸಿನಲ್ಲಿ ನನಗಿಂತ ದೊಡ್ಡವರು. ಓಣಿಯವರಂತೆ ನಾನೂ ಅವರನ್ನು ಆಪಾ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದೆ. ನಾನು ಕಮಲಾಪುರದ ಶಾಲೆಯಲ್ಲಿ ಗಣಿತ ಕಲಿಸುವವಳು, ದಿನಾ ಬಸ್ಸಿನಲ್ಲಿ ಹೋಗಿಬರುವವಳು. ಅವರಿಗೆ ನಾನು ಟೀಚರ್. ನಾನು ಮದುವೆಯ ಗೊಡವೆಗೆ ಹೋಗಲಿಲ್ಲ. ಅವರ ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು, ಮಗಳು ಮದುವೆಯಾಗಿ ಹೋಗುವಾಗ ತಾನು ಕೊಂಡ ಮೈಕ್ರೊವೇವನ್ನು ತಾಯಿಗೆ ಬಿಟ್ಟುಹೋಗಿದ್ದಳು. ಹೀಗೆ ಗೋಡೆಯ ಎರಡೂ ಕಡೆ ಒಬ್ಬೊಬ್ಬರದೇ ಅಡುಗೆ.

ಕಮಲಾಪುರದ ಬಸ್ ನಿಲ್ದಾಣದಲ್ಲಿ ಕೆಂಪು ಬಾಳೆಹಣ್ಣು ಮಾರುತ್ತಾರೆ. ಒಮ್ಮೆ ನಾನು ತಂದ ಹಣ್ಣು ಬಸ್ಸಿನ ನೂಕುನುಗ್ಗಲಿಗೆ ಸಿಕ್ಕಿ ಜಜ್ಜಿಹೋಯಿತು. ಎಸೆಯಲು ಮನಸ್ಸಾಗದೆ ಆಪಾಗೆ ಕೊಟ್ಟೆ. ಸ್ವಲ್ಪ ಹೊತ್ತಿನಲ್ಲೇ ಗೋಡೆಯ ಮೇಲೆ ಒಂದು ನೀಲಿ ಕಪ್ ಬಂದು ಕೂತಿತು, ಅದರ ತುಂಬ ಹಬೆಯಾಡುವ ಕೇಕ್.

"ನೀವು ತಿನ್ನೂದಿಲ್ಲಂತ ತತ್ತಿ ಹಾಕಿಲ್ರೀ ಟೀಚರ್. ಹಣ್ಣೇ ಹಿಟ್ಟು ಹಿಡ್ಕೊಂಡದ. ಬಿಸಿ ಇದ್ದಾಗೇ ತಿನ್ರಿ," ಅಂದರು.

ತೊಳೆದ ಕಪ್ಪನ್ನು ಬರಿದಾಗಿ ಮರಳಿಸುವ ರೂಢಿ ನಮ್ಮ ಮನೆಯಲ್ಲೂ ಇರಲಿಲ್ಲ, ಅವರ ಮನೆಯಲ್ಲೂ ಇರಲಿಲ್ಲ. ಮರುದಿನ ಅದರಲ್ಲಿ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ಹಾಕಿ ಕೊಟ್ಟೆ. ಅದು ಮತ್ತೆ ಕೇಕ್ ಆಗಿ ಬಂತು. ಗೋದಿ, ಬೆಲ್ಲದ ಮಾದ್ಲಿ ಮಾಡಿದ ದಿನ ಮಾದ್ಲಿ ಹೋಯಿತು. ಏನೂ ಇಲ್ಲದ ದಿನ ಒಂದು ಚಮಚ ಸಕ್ಕರೆ. ಆ ಕಪ್ ಯಾರ ಮನೆಯಲ್ಲೂ ಎರಡು ರಾತ್ರಿ ಒಟ್ಟಿಗೆ ಕಳೆದದ್ದು ನನಗೆ ನೆನಪಿಲ್ಲ.

ಆಮೇಲೆ ಆಪಾರ ತಮ್ಮ ಒಬ್ಬರು ಊರಂಚಿನ ಶರಣಸಿರಸಗಿಯ ಹೊಸ ಲೇಔಟಿನಲ್ಲಿ ಮನೆ ಕಟ್ಟಿಸಿ, ಅಕ್ಕನಿಗೆಂದು ಕೆಳಗೆ ಒಂದು ಕೋಣೆ, ಅಡುಗೆಮನೆ ಮಾಡಿಸಿಕೊಟ್ಟರು. ಆಪಾ ಹೊರಟ ದಿನ ಸಾಮಾನು ಹೇರಿದ ಟೆಂಪೊ ಓಣಿಯ ಬಾಯಲ್ಲಿ ಹಾರ್ನ್ ಹೊಡೆಯುತ್ತಿತ್ತು. ಮೈಕ್ರೊವೇವ್ ಕಟ್ಟುವ ಮುಂಚೆ ಆಪಾ ಕೊನೆಯದಾಗಿ ಒಂದು ಕೇಕ್ ಮಾಡಿ ಗೋಡೆಯ ಮೇಲಿಂದ ಕೊಟ್ಟರು.

"ಕಪ್ ನಿಮ್ಮ ಹತ್ರಾನೇ ಇರ್ಲಿ. ಕೊಡಾಕ ಅಂತ ನೆವ ಮಾಡ್ಕೊಂಡು ಬರ್ತೀರಿ," ಅಂದರು.

ಮುಂದಿನ ಭಾನುವಾರವೇ ಹೋಗಬಹುದಿತ್ತು. ಆದರೆ ನನ್ನದು ಒಂದು ಕೆಟ್ಟ ಸ್ವಭಾವ. ಅರ್ಧಂಬರ್ಧ ಯಾವುದೂ ಆಗುವುದಿಲ್ಲ. ಹೊಸ ಮನೆಗೆ ಮೊದಲ ಸಲ ಹೋಗುವಾಗ ಆ ಕಪ್ಪಿನಲ್ಲಿ ಹಿಂಡಿ, ಸಕ್ಕರೆ ಹಾಕಿಕೊಂಡು ಹೋಗುವುದೇ? ನಾನೇ ಕೇಕ್ ಮಾಡಿ ಒಯ್ಯಬೇಕು ಎಂದು ಹಟ ಹತ್ತಿತು. ನಾನೂ ಒಂದು ಮೈಕ್ರೊವೇವ್ ಕೊಂಡೆ.

ಕೇಕ್ ಮಾಡುವುದು ಕಷ್ಟವಾಗಲಿಲ್ಲ. ಮೈದಾ, ಸಕ್ಕರೆ, ಎಣ್ಣೆ, ಹಾಲು, ಕಿವುಚಿದ ಹಣ್ಣು, ಚಿಟಿಕೆ ಬೇಕಿಂಗ್ ಪೌಡರ್. ಕಷ್ಟವಾದದ್ದು ಅದನ್ನು ಮೆತ್ತಗೆ ಉಳಿಸುವುದು. ಆಟೋದಲ್ಲಿ ಶರಣಸಿರಸಗಿ ಮುಟ್ಟುವಷ್ಟು ಹೊತ್ತು ಅಡುಗೆಕಟ್ಟೆಯ ಮೇಲಿಟ್ಟು ಆಮೇಲೆ ತಿಂದು ನೋಡುತ್ತಿದ್ದೆ. ಚಮಚವೇ ಇಳಿಯುತ್ತಿರಲಿಲ್ಲ. ಮೊಸರು ಹಾಕಿದೆ, ತಟ್ಟೆ ಮುಚ್ಚಿದೆ, ಹಣ್ಣು ಹೆಚ್ಚಿಸಿದೆ. ಪ್ರತಿ ವಾರ ಕಳಿತ ಹಣ್ಣನ್ನೇ ಆರಿಸುವ ನನ್ನನ್ನು ನೋಡಿ ಕಮಲಾಪುರದ ಹಣ್ಣಿನವಳು, "ಏನ್ರೀ ಟೀಚರ್, ಮನ್ಯಾಗ ಮಂಗ್ಯಾ ಸಾಕೀರೇನು?" ಅಂದಳು.

ಆಪಾ ಫೋನ್ ಮಾಡುತ್ತಿದ್ದರು. "ಯಾವಾಗ ಬರ್ತೀರಿ?"

"ಇನ್ನಾ ಸರಿ ಬರವಲ್ದು, ಆಪಾ."

"ಏನ್ ಸರಿ ಬರವಲ್ದು?"

"ಬಂದಾಗ ತಿಳೀತದ," ಅನ್ನುತ್ತಿದ್ದೆ, ದೊಡ್ಡ ಗುಟ್ಟು ಇಟ್ಟುಕೊಂಡವಳಂತೆ. ಬರಬರುತ್ತ ಅವರು ಕೇಳುವುದನ್ನು ಬಿಟ್ಟರು. ಆಮೇಲೆ ಫೋನೂ ಹಬ್ಬಕ್ಕೊಮ್ಮೆ ಎಂಬಂತಾಯಿತು. ಆಗಲಾದರೂ ನನಗೆ ಎಚ್ಚರವಾಗಬೇಕಿತ್ತು. ನಾನು ಹಣ್ಣಿನ ಲೆಕ್ಕದಲ್ಲಿ ಮುಳುಗಿದ್ದೆ.

ಕೊನೆಗೊಂದು ಭಾನುವಾರ ಕೇಕ್ ತಕ್ಕಮಟ್ಟಿಗೆ ಮೆತ್ತಗೆ ಉಳಿಯಿತು. ಮುಂದಿನ ಭಾನುವಾರ ಹಾಗೇ ಇನ್ನೊಂದು ಮಾಡಿ, ಕಪ್ಪನ್ನು ಟವೆಲಿನಲ್ಲಿ ಸುತ್ತಿ ಆಟೋ ಹತ್ತಿದೆ. ಶರಣಬಸವೇಶ್ವರ ಗುಡಿಯ ಹತ್ತಿರದ ಗದ್ದಲದಲ್ಲಿ ಆಟೋ ನಿಂತಾಗ ಸಿಟ್ಟು ನೆತ್ತಿಗೇರಿತು. ಟವೆಲಿನ ಬಿಸಿ ಆರುತ್ತಿತ್ತು.

ಆಪಾ ಬಾಗಿಲಲ್ಲೇ ನನ್ನ ಎರಡೂ ಕೈ ಹಿಡಿದುಕೊಂಡರು. ಒಳಗೆ ಕೂರಿಸಿ, ಟವೆಲ್ ಬಿಚ್ಚಿ ನೋಡಿ, ನಕ್ಕರು. ನಾನು ನನ್ನ ಪ್ರಯೋಗಗಳನ್ನೆಲ್ಲ ಒಪ್ಪಿಸಿದೆ. ಕೇಳುತ್ತ ಅವರ ನಗೆ ಇಳಿಯಿತು.

"ಇದರ ಸಲುವಾಗಿ ಬರಲಿಲ್ಲೇನು ಇಷ್ಟು ದಿನ? ಹಣ್ಣ ತಗೊಂಡ್ ಬಂದು ಇಲ್ಲೇ ಮಾಡಬಹುದಿತ್ತಲ್ಲರೀ. ನನ್ನ ಮಷೀನ್ ಇಲ್ಲೇ ಅದ."

ಅದು ಕಟ್ಟೆಯ ಮೇಲೆ ನನ್ನ ಕಣ್ಣೆದುರಿಗೇ ಇತ್ತು.

ಮೈಕ್ರೊವೇವಿನ ಪಕ್ಕದಲ್ಲಿ ಒಂದು ಸ್ಟೀಲ್ ಬಟ್ಟಲು, ತೊಳೆದು ಬೋರಲು ಹಾಕಿದ್ದು. ಯಾರದೆಂದು ಕೇಳಿದೆ.

"ಬಾಜೂ ಮನಿಯವರದು. ಮುಂಜಾನಿ ಚುರಮುರಿ ಸೂಸ್ಲಾ ಕೊಟ್ಟಿದ್ರು. ಛಲೋ ಆತು ನೀವು ಬಂದಿದ್ದು, ಖಾಲಿ ಹ್ಯಾಂಗ ಕೊಡೂದು ಅಂತ ವಿಚಾರ ಮಾಡಿದ್ದೆ."

ಕೇಕಿನಿಂದ ಒಂದು ಚಮಚ ತೆಗೆದು ಬಾಯಿಗೆ ಹಾಕಿಕೊಂಡು, ಛಲೋ ಆಗ್ಯಾದ ಅಂದರು. ಉಳಿದದ್ದನ್ನು ಚಾಕುವಿನಿಂದ ಸುತ್ತ ಬಿಡಿಸಿ ಆ ಬಟ್ಟಲಿಗೆ ಹಾಕಿದರು. ಹಿತ್ತಲಿಗೆ ಹೋಗಿ ಗೋಡೆಯ ಮೇಲಿಂದ ಕೊಡುತ್ತ ಹೇಳಿದ್ದು ನನಗೆ ಕೇಳಿಸಿತು: "ನಮ್ಮ ಟೀಚರ್ ಮಾಡ್ಯಾರ. ಬಿಸಿ ಇದ್ದಾಗೇ ತಿನ್ಬೇಕಿತ್ತು, ಆದ್ರೂ ಛಲೋ ಅದ."

ಅವರು ಮಾಡಿದ್ದರಲ್ಲಿ ಏನೂ ತಪ್ಪಿಲ್ಲ. ಆ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ. ಆದರೂ ಗೋಡೆಯಾಚೆಯ ಆ ಕಾಣದ ಹೆಂಗಸಿನ ಮೇಲೆ ಮತ್ಸರವಾಯಿತು.

ನಾನು ಚಹಾ ಕುಡಿಯುತ್ತಿದ್ದಾಗ ಆಪಾ ನೀಲಿ ಕಪ್ಪನ್ನು ತೊಳೆದು ಒರೆಸಿದರು. ಅದರಲ್ಲಿ ಏನಾದರೂ ಹಾಕಿ ಕೊಡುತ್ತಾರೇನೋ ಎಂದು ನೋಡುತ್ತ ಕೂತೆ. ಯಾಕೆ ಕೊಡುತ್ತಾರೆ? ಕಪ್ ಅವರದು, ತನ್ನ ಮನೆ ಸೇರಿತ್ತು. ಅದನ್ನು ಗೋಡೆಯ ಮೊಳೆಗೆ ತೂಗುಹಾಕಿದರು.

ಹೊರಡುವಾಗ, "ಮತ್ತ ಬರ್ರಿ," ಅಂದರು, ಮನಸಾರೆ.

"ಬರ್ತೀನಿ ಆಪಾ," ಅಂದೆ. ಕೈಯಲ್ಲಿ ಬರೀ ಟವೆಲ್ ಇತ್ತು.